ಎಂಎಸ್ ಇದ್ದವರಿಗೆ ವಿಟಮಿನ್ ಡಿ: ಎಷ್ಟು, ಹೇಗೆ, ಎಲ್ಲಿಗೆ ನಿಲ್ಲಿಸಬೇಕು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದರೆ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಮೈಯ ರೋಗನಿರೋಧಕ ಶಕ್ತಿಯೇ ಕೆಡಿಸುವ ಕಾಯಿಲೆ. ಅದು ಇರುವವರ ಫೈಲು ತೆರೆದರೆ ಎಂಆರ್‌ಐ ಫಿಲ್ಮುಗಳ ಹಿಂದೆ ಸಾಮಾನ್ಯವಾಗಿ ಒಂದು ಲ್ಯಾಬ್ ಹಾಳೆ ಇರುತ್ತದೆ. ಅದರಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿ: 25-ಹೈಡ್ರಾಕ್ಸಿ ವಿಟಮಿನ್ ಡಿ, 11.4. ಪಕ್ಕದಲ್ಲಿ ಕೆಳಮುಖದ ಬಾಣ. ಎಂಆರ್‌ಐ ವರದಿಯ ಭಾಷೆ ಮನೆಯವರಿಗೆ ಬಗೆಹರಿಯುವುದಿಲ್ಲ. ಆ ಹೊದಿಕೆಗೆ ಹೇಳುವ ಮಯಲಿನ್ ಎಂಬ ಪದವನ್ನೇ ಆ ವಾರ ಮೊದಲ ಸಲ ಕೇಳಿರುತ್ತಾರೆ. ವಿಟಮಿನ್ ಮಾತ್ರ ಗೊತ್ತು. ಕಡಿಮೆಯಿದ್ದರೆ ತುಂಬಿಸಬಹುದು ಎನ್ನುವುದೂ ಗೊತ್ತು. ಹಾಗಾಗಿ ಇಡೀ ಮನೆಯ ಆಸೆ ಆ ಒಂದು ಸಾಲಿನ ಮೇಲೆ ಹೋಗಿ ಕೂರುತ್ತದೆ. ಇದು ಕಮ್ಮಿಯಾಗಿದ್ದಕ್ಕೇ ಇಷ್ಟೆಲ್ಲ ಆಗಿದೆ, ಇದನ್ನು ಸರಿಮಾಡಿದರೆ ಕಾಯಿಲೆಯೂ ಹೋಗುತ್ತದೆ ಎಂದು.

ಕೊರತೆಯನ್ನು ಸರಿಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಎಸ್ ಔಷಧಿ ಮಾಡಬೇಕಾದ ಕೆಲಸವನ್ನು ವಿಟಮಿನ್ ಡಿ ಪುಡಿಯ ಹೆಗಲಿಗೆ ಹೊರಿಸಬಾರದು. ಇನ್ನೂ ಒಂದು ವಿಷಯ ಇಲ್ಲಿಂದಲೇ ನೆನಪಿರಲಿ: ವಿಟಮಿನ್ ಡಿ ತೀರಾ ಕಡಿಮೆಯಾದರೂ ಎಂಎಸ್‌ನ ವೇಷ ಹಾಕುತ್ತದೆ, ತೀರಾ ಹೆಚ್ಚಾದರೂ ಹಾಕುತ್ತದೆ. ಎರಡು ಕಡೆಯೂ ವೇಷ ಕಳಚಿ ನೋಡಲು ಬರೀ ಕಣ್ಣು ಸಾಲದು, ರಕ್ತ ಪರೀಕ್ಷೆಯೇ ಬೇಕು.

ನಂಟು ಎಲ್ಲಿಯವರೆಗೆ

ವಿಟಮಿನ್ ಡಿಗೂ ಎಂಎಸ್‌ಗೂ ನಂಟಿದೆ ಎನ್ನುವುದು ಗಾಳಿಮಾತಲ್ಲ. ಭೂಮಧ್ಯರೇಖೆಯಿಂದ ದೂರ ಹೋದಂತೆ, ಬಿಸಿಲು ಕಡಿಮೆಯಾದಂತೆ, ಎಂಎಸ್ ಹೆಚ್ಚುತ್ತದೆ ಎನ್ನುವುದು ಹಳೆಯ ಗಮನಿಕೆ. 2006ರಲ್ಲಿ ಅಮೆರಿಕದ ಸೈನಿಕರ ಶೇಖರಿಸಿಟ್ಟ ರಕ್ತವನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಬಿಳಿಯರಲ್ಲಿ, ರೋಗ ಬರುವುದಕ್ಕೆ ವರ್ಷಗಳ ಮೊದಲೇ, ವಿಟಮಿನ್ ಡಿ ಹೆಚ್ಚಿದ್ದವರಿಗೆ ಎಂಎಸ್ ಬರುವ ಸಂಭವ ಗಮನಾರ್ಹವಾಗಿ ಕಡಿಮೆ ಇತ್ತು. ಅದೇ ಅಧ್ಯಯನದ ಕಪ್ಪುಜನರಲ್ಲಿ ಅಷ್ಟು ಸ್ಪಷ್ಟವಾದ ನಂಟು ಕಾಣಲಿಲ್ಲ. ನಮ್ಮಂಥ ಮೈಬಣ್ಣದವರು ಈ ಸಾಲನ್ನೂ ಓದಿಕೊಳ್ಳುವುದು ಒಳ್ಳೆಯದು. ಆಮೇಲೆ ಬಂದ ತಳಿಶಾಸ್ತ್ರದ ಅಧ್ಯಯನಗಳೂ, ಹುಟ್ಟಿನಿಂದಲೇ ವಿಟಮಿನ್ ಡಿ ಕಡಿಮೆ ಇರುವ ಒಲವಿದ್ದವರಿಗೆ ಅಪಾಯ ಹೆಚ್ಚು ಎಂದವು.

ಇದೆಲ್ಲ ರೋಗ ಬರುವ ಮುಂಚಿನ ಮಾತು. ಬಂದ ಮೇಲೆ ಕೊಟ್ಟರೆ ರೋಗ ನಿಲ್ಲುತ್ತದೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಪ್ರಯೋಗಗಳು ಹಲವು. ಯುರೋಪಿನಲ್ಲಿ ಇಂಟರ್‌ಫೆರಾನ್ ಎಂಬ ಎಂಎಸ್ ಔಷಧಿ ಪಡೆಯುತ್ತಿದ್ದವರಿಗೆ ದಿನಕ್ಕೆ ಸುಮಾರು 14,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಕೊಟ್ಟು 48 ವಾರ ನೋಡಿದರು. ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದಲ್ಲಿ ಗ್ಲಾಟಿರಾಮರ್ ಎಂಬ ಇನ್ನೊಂದು ಎಂಎಸ್ ಔಷಧಿಯ ಜೊತೆ ದಿನಕ್ಕೆ 5,000 ಐಯು ಪಡೆದವರಿಗೂ 600 ಐಯು ಪಡೆದವರಿಗೂ ಮರುಕಳಿಕೆಯಲ್ಲಿ ಅಂತರ ಕಾಣಲಿಲ್ಲ. ಅದು 2023ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಮೊದಲ ಲಕ್ಷಣ ಕಂಡ ಕೂಡಲೇ 1,000, 5,000, 10,000 ಹೀಗೆ ಮೂರು ಪ್ರಮಾಣದಲ್ಲಿ ಕೊಟ್ಟರು. ಮೂರೂ ಸಕ್ಕರೆ ಗುಳಿಗೆಗಿಂತ ಮೇಲೆನಿಸಲಿಲ್ಲ.

ಇಷ್ಟರಲ್ಲಿ ವಿಷಯ ಮುಗಿಯಿತು ಎನ್ನುವಾಗ 2025ರಲ್ಲಿ ಫ್ರಾನ್ಸಿನ ಪ್ರಯೋಗದ ಫಲಿತಾಂಶ ಬಂತು. ಮೊದಲ ಲಕ್ಷಣ ಕಂಡು 90 ದಿನ ದಾಟದ, ಬೇರೆ ಎಂಎಸ್ ಔಷಧಿ ಶುರುಮಾಡದ 316 ಜನ. ಅರ್ಧ ಜನಕ್ಕೆ ಎರಡು ವಾರಕ್ಕೊಮ್ಮೆ 1 ಲಕ್ಷ ಐಯು, ಉಳಿದವರಿಗೆ ಖಾಲಿ ಔಷಧಿ, ಎರಡು ವರ್ಷ. ರೋಗದ ಚಟುವಟಿಕೆ ಕಂಡದ್ದು ವಿಟಮಿನ್ ಪಡೆದವರಲ್ಲಿ ಶೇ. 60.3, ಪಡೆಯದವರಲ್ಲಿ ಶೇ. 74.1. ಇದು ನಿಜವಾದ ವ್ಯತ್ಯಾಸವೇ. ಆದರೆ ಹಾಳೆ ಮಗುಚಿ ನೋಡಬೇಕು. ಆ ವ್ಯತ್ಯಾಸ ಬಹುಪಾಲು ಎಂಆರ್‌ಐಯಲ್ಲಿ ಕಂಡದ್ದು. ರೋಗಿಗೆ ಅನುಭವಕ್ಕೆ ಬರುವ ಮರುಕಳಿಕೆಗಳಲ್ಲಿ ಖಚಿತ ಅಂತರ ಸಿಗಲಿಲ್ಲ. ವಿಟಮಿನ್ ಪಡೆದವರಲ್ಲೂ ಹತ್ತರಲ್ಲಿ ಆರು ಜನರಲ್ಲಿ ರೋಗ ಮುಂದುವರಿದೇ ಇತ್ತು. ಹೋಲಿಕೆಗೆ ಹೇಳುವುದಾದರೆ, ನಟಾಲಿಜುಮಾಬ್ ಎಂಬ ಔಷಧಿ ತನ್ನ ಮುಖ್ಯ ಪ್ರಯೋಗದಲ್ಲಿ ಮೊದಲ ವರ್ಷದ ಮರುಕಳಿಕೆಯನ್ನು ಶೇ. 68ರಷ್ಟು ಇಳಿಸಿತ್ತು. ಡ್ರಿಪ್‌ನಲ್ಲಿ ಕೊಡುವ ಒಕ್ರೆಲಿಜುಮಾಬ್, ರಿಟುಕ್ಸಿಮಾಬ್ ಔಷಧಿ ಪಡೆಯುತ್ತಿರುವವರು ‘ವಿಟಮಿನ್ ಸಾಕಲ್ಲ’ ಎಂದು ಇನ್‌ಫ್ಯೂಷನ್ ತಪ್ಪಿಸಿದರೆ, ಆನೆ ಮಾರಿ ಅಂಕುಶ ಕೊಂಡಂತೆ.

ಹಾಗಾದರೆ ಕೊರತೆ ತುಂಬುವುದು ಏತಕ್ಕೆ

ಮೂಳೆಗೆ ಮತ್ತು ಸ್ನಾಯುವಿಗೆ. ಕೇಳಲು ಸಪ್ಪೆ ಉತ್ತರ, ಆದರೆ ಎಂಎಸ್ ಇರುವವರ ಮೂಳೆಗೆ ಶತ್ರುಗಳು ಒಬ್ಬಿಬ್ಬರಲ್ಲ. ಮರುಕಳಿಸಿದಾಗಲೆಲ್ಲ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್‌ನಲ್ಲಿ ಹೋಗುತ್ತದೆ. ಕೆಲವರಿಗೆ ಆಮೇಲೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ. ಎನ್‌ಎಂಒ, ಮಾಗ್ ಎಂದು ಕರೆಯುವ ಸೋದರ ಕಾಯಿಲೆಗಳಲ್ಲಿ ಈ ಮಾತ್ರೆಯ ಹೊರೆ ಇನ್ನೂ ಹೆಚ್ಚು. ಅವರಿಗೂ ಇಲ್ಲಿನ ಮೂಳೆಯ ಮಾತೆಲ್ಲ ಹಾಗೇ ಅನ್ವಯಿಸುತ್ತದೆ. ನಡಿಗೆ ಕುಗ್ಗಿದರೆ ಭಾರ ಹೊರದ ಮೂಳೆ ತೆಳುವಾಗುತ್ತದೆ. ಕಾಲು ತೊಡರಿ ಬೀಳುವ ಸಂಭವ ಹೆಚ್ಚುತ್ತದೆ. ಮುಖದಲ್ಲಿ ಮಿಂಚು ಹೊಡೆದಂಥ ನೋವಿಗೆ, ಸೆಳೆತಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟೊಯಿನ್ ಔಷಧಿಗಳು ಯಕೃತ್ತಿನಲ್ಲಿ ವಿಟಮಿನ್ ಡಿಯನ್ನು ಬೇಗ ಒಡೆದುಹಾಕುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಹಾಗೆಯೇ. ಇಂಥ ಮಾತ್ರೆ ನುಂಗುವವರಿಗೆ ಮಾಮೂಲಿ ಪ್ರಮಾಣ ಸಾಲುವುದಿಲ್ಲ. ಎಷ್ಟು ಪುಡಿ ತಿಂದರೂ ಮಟ್ಟ ಏರುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಮಾತ್ರೆಗಳ ಪಟ್ಟಿ, ಆಮೇಲೆ ತೂಕ. ಮೈ ಭಾರವಿದ್ದವರಿಗೆ ಎರಡರಿಂದ ಮೂರು ಪಟ್ಟು ಬೇಕಾಗಬಹುದು.

ಇನ್ನು ವೇಷದ ಮಾತು. ಕೊರತೆ ತೀವ್ರವಾಗಿ, ಬಹುಕಾಲ ಉಳಿದರೆ ಮೂಳೆ ಮೆತ್ತಗಾಗುತ್ತದೆ, ಸೊಂಟ ಮತ್ತು ತೊಡೆಯ ಸ್ನಾಯು ಸೋಲುತ್ತದೆ. ನೆಲದಿಂದ ಏಳಲು ಕೈಯೂರಬೇಕು. ಬಸ್ಸಿನ ಮೆಟ್ಟಿಲು ಬೆಟ್ಟವಾಗುತ್ತದೆ. ನಡಿಗೆ ಬಾತುಕೋಳಿಯಂತೆ ಆಚೀಚೆ ತೂಗುತ್ತದೆ. ಎಂಎಸ್ ಇದ್ದವರಲ್ಲಿ ಇದನ್ನು ನೋಡಿದವರು ‘ಕಾಯಿಲೆ ಮುಂದುವರಿಯಿತು’ ಎಂದುಕೊಳ್ಳುವುದು ಸಹಜ. ವ್ಯತ್ಯಾಸಕ್ಕೆ ಸುಳಿವುಗಳಿವೆ: ಪಕ್ಕೆಲುಬು ಅಥವಾ ಮೊಣಕಾಲಿನ ಕೆಳಗಿನ ಮೂಳೆ ಒತ್ತಿದರೆ ನೋವು, ಎರಡೂ ತೊಡೆ ಒಂದೇ ಸಮ ಸೋತಿರುವುದು, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುವುದು. ಇದು ತುಂಬಿಸಿದರೆ ತಿಂಗಳುಗಳಲ್ಲಿ ಹಿಂದಿರುಗುವ ಸೋಲು.

ಲ್ಯಾಬ್ ಹಾಳೆ ಓದುವ ಬಗೆ

ಬರೆಸಬೇಕಾದ ಪರೀಕ್ಷೆ 25-ಹೈಡ್ರಾಕ್ಸಿ ವಿಟಮಿನ್ ಡಿ. ಇದೇ ಹೆಸರಿನ ತಮ್ಮನಂತೆ 1,25-ಡೈಹೈಡ್ರಾಕ್ಸಿ ಎನ್ನುವ ಇನ್ನೊಂದಿದೆ, ಬೆಲೆಯೂ ಹೆಚ್ಚು. ಕೊರತೆ ಇದ್ದರೂ ಅದು ಸರಿಯಾಗೇ, ಕೆಲವೊಮ್ಮೆ ಹೆಚ್ಚಾಗೇ ತೋರಿಸುತ್ತದೆ. ಮಾಮೂಲಿ ಕೊರತೆ ಹುಡುಕಲು ಅದು ಬೇಡ.

ಆಮೇಲೆ ಮಾನ. ಇಲ್ಲಿನ ಲ್ಯಾಬುಗಳು ಒಂದು ಮಿಲಿಲೀಟರಿಗೆ ಎಷ್ಟು ನ್ಯಾನೊಗ್ರಾಂ ಎಂದು ಬರೆಯುತ್ತವೆ. ಲಂಡನ್, ಟೊರೊಂಟೊ, ಮೆಲ್ಬರ್ನ್‌ನಲ್ಲಿರುವ ಮಕ್ಕಳು ವಾಟ್ಸಾಪಿನಲ್ಲಿ ಕಳಿಸುವ ವರದಿಯಲ್ಲಿ ಲೀಟರಿಗೆ ನ್ಯಾನೊಮೋಲ್ ಇರುತ್ತದೆ. ನಮ್ಮದನ್ನು 2.5ರಿಂದ ಗುಣಿಸಿದರೆ ಅವರದು ಬರುತ್ತದೆ. ಅಂದರೆ ಅಲ್ಲಿನ 30 ಇಲ್ಲಿನ 12. ‘ನನಗೂ 30, ನಿನಗೂ 30’ ಎಂದು ಅಮ್ಮ ಮಗಳು ಸಮಾಧಾನ ಮಾಡಿಕೊಂಡರೆ, ಒಬ್ಬರದು ಸಾಕಷ್ಟಿದೆ, ಇನ್ನೊಬ್ಬರದು ಗಟ್ಟಿ ಕೊರತೆ.

ನಮ್ಮ ಮಾನದಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುವುದು ಇಲ್ಲಿನ ರೂಢಿ. 20ರಿಂದ 30ರ ನಡುವಿನದು ಸಾಕೋ ಸಾಲದೋ ಎನ್ನುವುದರಲ್ಲಿ ತಜ್ಞರು ಎರಡು ಗುಂಪು. ಲ್ಯಾಬುಗಳು ಸಾಮಾನ್ಯವಾಗಿ 30ರಿಂದ 100ರವರೆಗೆ ‘ಸಾಕಷ್ಟು’ ಎಂದು ಮುದ್ರಿಸುತ್ತವೆ, ಹಾಗಾಗಿ 24 ಬಂದವರಿಗೂ ಕೆಂಪು ಶಾಯಿ ಸಿಗುತ್ತದೆ. 24 ಬಂದರೆ ಗಾಬರಿ ಬೇಡ, ದಿನದ ಸಣ್ಣ ಮಾತ್ರೆ ಸಾಕು. ಎಂಎಸ್ ಇದ್ದು, ಸ್ಟೀರಾಯ್ಡ್ ಪಡೆಯುವ, ಬೀಳುವ ಭಯವಿರುವವರಿಗೆ 30ರಿಂದ 50ರ ನಡುವೆ ಇಟ್ಟುಕೊಳ್ಳುವುದು ವಿವೇಕದ ಗುರಿ. 100ರ ಹತ್ತಿರ ಒಯ್ಯುವುದರಿಂದ ಹೆಚ್ಚಿನ ಲಾಭವಿದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ.

ರಕ್ತ ಕೊಡುವ ದಿನವೂ ಮುಖ್ಯ. ಜ್ವರ, ಸೋಂಕು, ಮರುಕಳಿಕೆಯ ಉರಿಯೂತ ಇದ್ದಾಗ ಈ ಅಂಕಿ ತಾನಾಗೇ ಕೆಳಗಿಳಿಯುತ್ತದೆ. ಆಸ್ಪತ್ರೆಗೆ ಸೇರಿದ ದಿನ ತೆಗೆದ ರಕ್ತದಲ್ಲಿ 14 ಬಂದರೆ, ಅದರಲ್ಲಿ ಎಷ್ಟು ನಿಜದ ಕೊರತೆ, ಎಷ್ಟು ಉರಿಯೂತದ ಪಾಲು ಎಂದು ಬಿಡಿಸಲಾಗದು. ಆರೆಂಟು ವಾರ ಬಿಟ್ಟು ಇನ್ನೊಮ್ಮೆ ನೋಡುವುದು ಸರಿ.

ಬಯೋಟಿನ್ ಬಗ್ಗೆ ಕೊಂಚ ನಿಲ್ಲಬೇಕು, ಏಕೆಂದರೆ ಎಂಎಸ್ ಇದ್ದವರಲ್ಲಿ ಇದು ವಿಶೇಷ ತೊಡಕು. ಮುಂದುವರಿಯುವ ಬಗೆಯ ಎಂಎಸ್‌ಗೆ ದಿನಕ್ಕೆ 300 ಮಿಲಿಗ್ರಾಂ ಬಯೋಟಿನ್ ಕೊಟ್ಟು ನೋಡಿದ ಕಾಲವೊಂದಿತ್ತು. ದೊಡ್ಡ ಪ್ರಯೋಗದಲ್ಲಿ ಅದು ಸೋತಿತು, ಆದರೂ ಅಂತರ್ಜಾಲದ ಹಳೆಯ ಪುಟ ಓದಿ ನುಂಗುವವರಿದ್ದಾರೆ. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲೂ 5ರಿಂದ 10 ಮಿಲಿಗ್ರಾಂ ಇರುತ್ತದೆ. ಅನೇಕ ಲ್ಯಾಬ್ ಯಂತ್ರಗಳು ಬಯೋಟಿನ್‌ಗೆ ಅಂಟುವ ರಾಸಾಯನಿಕವನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಹೊರಗಿನ ಬಯೋಟಿನ್ ತುಂಬಿದ್ದರೆ ವಿಟಮಿನ್ ಡಿ ಇರುವುದಕ್ಕಿಂತ ಹೆಚ್ಚು ಎಂದೂ, ಕ್ಯಾಲ್ಸಿಯಂ ಮಟ್ಟ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಇರುವುದಕ್ಕಿಂತ ಕಡಿಮೆ ಎಂದೂ ಯಂತ್ರ ಹೇಳಬಹುದು. ಕೊರತೆ ಇದ್ದವರ ಕೈಗೆ ‘ಸಾಕಷ್ಟಿದೆ’ ಎಂಬ ಹಾಳೆ ಬರುತ್ತದೆ. ಕನಿಷ್ಠ ಮೂರು ದಿನ ಬಯೋಟಿನ್ ನಿಲ್ಲಿಸಿ ರಕ್ತ ಕೊಡಿ. ದೊಡ್ಡ ಪ್ರಮಾಣ ನುಂಗುತ್ತಿದ್ದರೆ ಅದಕ್ಕೂ ಹೆಚ್ಚು ದಿನ ಬೇಕು. ರಕ್ತ ತೆಗೆಯುವವರಿಗೆ ಹೇಳಿಯೂ ಬಿಡಿ.

ಮೊದಲ ಪುಡಿ ಬಾಯಿಗೆ ಹಾಕುವ ಮುಂಚೆ ಕ್ಯಾಲ್ಸಿಯಂ, ಅಲ್ಬುಮಿನ್, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಇಷ್ಟನ್ನು ನೋಡಿಕೊಳ್ಳಬೇಕು. ಇದು ವ್ಯರ್ಥ ಖರ್ಚು ಎನಿಸಬಹುದು. ಆದರೆ ಮಿದುಳಿಗೆ ಬರುವ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆ ಎಂಎಸ್‌ನಂತೆಯೇ ಕಾಣುತ್ತದೆ. ಅದರಲ್ಲೂ, ಕೆಲವೊಮ್ಮೆ ಕ್ಷಯದಲ್ಲೂ, ಉರಿಯೂತದ ಗಂಟುಗಳು ವಿಟಮಿನ್ ಡಿಯನ್ನು ತಮ್ಮಷ್ಟಕ್ಕೆ ತೀಕ್ಷ್ಣ ರೂಪಕ್ಕೆ ತಿರುಗಿಸುತ್ತಿರುತ್ತವೆ. ಹಾಳೆಯಲ್ಲಿ ವಿಟಮಿನ್ ಡಿ ಕಡಿಮೆ, ಕ್ಯಾಲ್ಸಿಯಂ ಮಾತ್ರ ಮೇಲ್ಗಡೆ. ಅಂಥವರಿಗೆ ಪುಡಿ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ. ಕ್ಯಾಲ್ಸಿಯಂ ಮೊದಲೇ ಡೆಸಿಲೀಟರಿಗೆ 10.5 ಮಿಲಿಗ್ರಾಂ ದಾಟಿದ್ದರೆ ಪುಡಿ ಬದಿಗಿಟ್ಟು ಕಾರಣ ಹುಡುಕಬೇಕು. 1,25 ಪರೀಕ್ಷೆಗೂ ಪ್ಯಾರಾಥೈರಾಯ್ಡ್ ಪರೀಕ್ಷೆಗೂ ಕೆಲಸ ಬರುವುದು ಇಂಥಲ್ಲಿ.

ಅರವತ್ತು ಸಾವಿರದ ಪೊಟ್ಟಣ

ಮೆಡಿಕಲ್ ಶಾಪಿನಲ್ಲಿ ಸಿಗುವ ಸಣ್ಣ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡಿ. 1 ಗ್ರಾಂ ಪುಡಿ. ಮೇಲೆ ‘ಕೊಲೆಕ್ಯಾಲ್ಸಿಫೆರಾಲ್ 60,000 ಐಯು’. ಇದೇ ಪ್ರಮಾಣ ಮೆತ್ತನೆಯ ಕ್ಯಾಪ್ಸೂಲಿನಲ್ಲೂ, 5 ಎಂಎಲ್‌ನ ಪುಟ್ಟ ಬಾಟಲಿಯಲ್ಲೂ ಬರುತ್ತದೆ. 40 ಐಯು ಅಂದರೆ 1 ಮೈಕ್ರೊಗ್ರಾಂ. ಈ ಲೆಕ್ಕದಲ್ಲಿ ಪೊಟ್ಟಣದೊಳಗಿರುವ ವಿಟಮಿನ್ ಬರೀ 1.5 ಮಿಲಿಗ್ರಾಂ, ಉಳಿದದ್ದು ಸಕ್ಕರೆ ಮತ್ತು ರುಚಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಹೇಳಿದ ದಿನದ ಅಗತ್ಯ 600 ಐಯು. ಅಂದರೆ ಒಂದು ಪೊಟ್ಟಣ ನೂರು ದಿನದ ಊಟ.

ಮಟ್ಟ 20ಕ್ಕಿಂತ ಕಡಿಮೆ ಇರುವ ವಯಸ್ಕರಿಗೆ ಇಲ್ಲಿ ರೂಢಿಯಲ್ಲಿರುವುದು ವಾರಕ್ಕೊಂದರಂತೆ 8 ವಾರ. ಒಟ್ಟು 4.8 ಲಕ್ಷ ಐಯು. ಆಮೇಲೆ ದಿನಕ್ಕೆ 1,000ದಿಂದ 2,000 ಐಯು ಕಾಯ್ದುಕೊಳ್ಳುವ ಪ್ರಮಾಣ. 20ರಿಂದ 30ರ ನಡುವೆ ಇದ್ದವರು ಪೊಟ್ಟಣಕ್ಕೆ ಹೋಗದೆ ನೇರ ದಿನದ ಮಾತ್ರೆಯಿಂದಲೇ ಶುರುಮಾಡಬಹುದು. ಅಂದಾಜಿಗೆ, ದಿನಕ್ಕೆ 1,000 ಐಯು ಕೆಲವು ತಿಂಗಳಲ್ಲಿ ಮಟ್ಟವನ್ನು 7ರಿಂದ 10ರಷ್ಟು ಏರಿಸುತ್ತದೆ. ಇವೆಲ್ಲ ವೈದ್ಯರ ಚೀಟಿಯ ಮೇಲೆ ನಡೆಯಬೇಕಾದ ಲೆಕ್ಕ. ಕಿಡ್ನಿ ಕಲ್ಲು, ಕಿಡ್ನಿ ಸೋಲು, ಗರ್ಭ ಇದ್ದರೆ ಲೆಕ್ಕವೇ ಬೇರೆ.

ಬಹುಪಾಲು ಅನಾಹುತ ಒಂದೇ ಜಾಗದಲ್ಲಿ ಆಗುವುದು. ಚೀಟಿಯಲ್ಲಿ ‘ವಾರಕ್ಕೊಂದು’ ಎಂದು ಇಂಗ್ಲಿಷಿನಲ್ಲಿ ಗೀಚಿರುತ್ತದೆ. ಮನೆಗೆ ಬಂದರೆ ಉಳಿದ ಎಲ್ಲ ಮಾತ್ರೆಗಳೂ ದಿನಕ್ಕೊಂದು, ಇದೂ ಅದೇ ಡಬ್ಬಿಗೆ ಸೇರುತ್ತದೆ. ದಿನಕ್ಕೊಂದರಂತೆ ತಿಂಗಳು ತಿಂದರೆ 18 ಲಕ್ಷ ಐಯು. ಎರಡನೆಯ ತಪ್ಪು ನಿಲ್ಲಿಸದಿರುವುದು: 8 ವಾರ ಮುಗಿದರೂ ಹಳೆಯ ಚೀಟಿ ತೋರಿಸಿ ಮತ್ತೆ ತರುವುದು. ಮೂರನೆಯದು, ನರರೋಗ ತಜ್ಞರು ಬರೆದದ್ದು ಒಂದು, ಮೂಳೆ ಡಾಕ್ಟರು ಬರೆದದ್ದು ಇನ್ನೊಂದು, ಹೆಸರು ಬೇರೆ, ಒಳಗಿನ ಸರಕು ಒಂದೇ. ಇದಕ್ಕೆ ಅಡುಗೆಮನೆಯ ಕ್ಯಾಲೆಂಡರಿಗಿಂತ ಒಳ್ಳೆಯ ಉಪಾಯವಿಲ್ಲ. ಭಾನುವಾರವೋ ಗುರುವಾರವೋ ವಾರದ ಒಂದು ದಿನ ಗೊತ್ತುಮಾಡಿ, ಎಂಟು ಚೌಕಕ್ಕೆ ಮೊದಲೇ ಸುತ್ತು ಹಾಕಿ, ತೆಗೆದುಕೊಂಡ ದಿನ ಗೀಟು ಎಳೆಯಿರಿ. ಎಂಟನೆಯ ಸುತ್ತಿನ ಪಕ್ಕ ‘ನಿಲ್ಲಿಸು’ ಎಂದು ದೊಡ್ಡದಾಗಿ ಬರೆಯಿರಿ. ಎಂಎಸ್‌ನಲ್ಲಿ ನೆನಪು ಕೈಕೊಡುವುದು ಅಪರೂಪವಲ್ಲ, ಕ್ಯಾಲೆಂಡರಿಗೆ ಮರೆವಿಲ್ಲ.

ದಿನದ ಅತಿ ಜಿಡ್ಡಿನ ಊಟದ ಜೊತೆ ತೆಗೆದುಕೊಳ್ಳಿ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಬೆಳಗಿನ ಖಾಲಿ ಕಾಫಿಯ ಜೊತೆ ನುಂಗಿದರೆ ಹೀರಿಕೊಳ್ಳುವುದು ಕಡಿಮೆ. ಪುಡಿಯನ್ನು ಒಂದು ಲೋಟ ಕೆನೆಹಾಲಿಗೆ ಕದಡಿ, ಲೋಟದ ತಳದಲ್ಲಿ ಉಳಿದದ್ದಕ್ಕೆ ಇನ್ನೊಂದು ಗುಟುಕು ಹಾಲು ಹಾಕಿ ಕುಡಿಯಿರಿ.

6 ಲಕ್ಷ ಐಯುನ ಇಂಜೆಕ್ಷನ್ ಬಗ್ಗೆ ಹೇಳುವುದು ಸ್ಪಷ್ಟ: ಕರುಳು ಹೀರಿಕೊಳ್ಳದ ಕಾಯಿಲೆ ಇದ್ದು, ವೈದ್ಯರು ನಿಗಾ ಇಟ್ಟಿದ್ದರೆ ಹೊರತು ಬೇಡ. ‘ಒಂದೇ ಸಲ ಮುಗಿಯಲಿ’ ಎನ್ನುವ ಆಸೆಗೆ ವಿರುದ್ಧ ಸಾಕ್ಷ್ಯವಿದೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಬಾಯಿಂದ ಕೊಟ್ಟು ನೋಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಬೀಳುವುದೂ ಮೂಳೆ ಮುರಿಯುವುದೂ ಎರಡೂ ಹೆಚ್ಚಾದವು. ಜ್ಯೂರಿಕ್‌ನಲ್ಲಿ 70 ದಾಟಿದ 200 ಜನರ ಪ್ರಯೋಗದಲ್ಲಿ ತಿಂಗಳಿಗೆ 24,000 ಐಯು ಪಡೆದವರಲ್ಲಿ ವರ್ಷದೊಳಗೆ ಬಿದ್ದವರು ಶೇ. 48ರಷ್ಟು, 60,000 ಪಡೆದವರಲ್ಲಿ ಶೇ. 67ರಷ್ಟು. ಆ 60,000 ನಮ್ಮ ಪೊಟ್ಟಣದ ಪ್ರಮಾಣವೇ. ಅವರು ಎಂಎಸ್ ಇದ್ದವರಲ್ಲ, ನಿಜ. ಆದರೂ ಮೊದಲೇ ತೂಗಾಡುವ ಕಾಲಿನವರಿಗೆ, ಕೊರತೆ ತುಂಬಿದ ಮೇಲೂ ತಿಂಗಳ ಪೊಟ್ಟಣಕ್ಕಿಂತ ದಿನದ 1,000 ಅಥವಾ 2,000ದ ಮಾತ್ರೆಯೇ ಮೇಲು ಎನ್ನಲು ಇಷ್ಟು ಸಾಕು.

ಕ್ಯಾಲ್ಸಿಯಂ ಮಾತ್ರೆಯ ಪಟ್ಟಿಯ ಹಿಂಭಾಗವನ್ನೂ ಓದಿ. ಅಲ್ಲಿ ‘ಕ್ಯಾಲ್ಸಿಟ್ರಿಯಾಲ್ 0.25 ಮೈಕ್ರೊಗ್ರಾಂ’ ಅಥವಾ ‘ಆಲ್ಫಾಕ್ಯಾಲ್ಸಿಡಾಲ್’ ಎಂದಿದ್ದರೆ ಅದು ಮಾಮೂಲಿ ವಿಟಮಿನ್ ಅಲ್ಲ, ಕಿಡ್ನಿ ಮಾಡಬೇಕಾದ ಕೆಲಸವನ್ನು ಮುಗಿಸಿಕೊಂಡೇ ಬಂದ ತೀಕ್ಷ್ಣ ರೂಪ. ಕಿಡ್ನಿ ಸೋತವರಿಗೆ ಅದು ಬೇಕು. ಕಿಡ್ನಿ ಸರಿ ಇದ್ದವರಲ್ಲಿ ಅದು ದೇಹದ ತಡೆಯನ್ನು ದಾಟಿ ಕ್ಯಾಲ್ಸಿಯಂ ಏರಿಸುತ್ತದೆ, ಅಷ್ಟಾದರೂ 25-ಹೈಡ್ರಾಕ್ಸಿ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹಾಳೆ ‘ಇನ್ನೂ ಕೊರತೆ’ ಎನ್ನುತ್ತದೆ, ಮೈ ‘ಸಾಕು’ ಎನ್ನುತ್ತಿರುತ್ತದೆ.

ಮರುಪರೀಕ್ಷೆ ಮೂರು ತಿಂಗಳಿಗೆ. ರಕ್ತದಲ್ಲಿ ಈ ವಿಟಮಿನ್ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು, ಹಾಗಾಗಿ ಅದಕ್ಕೂ ಮೊದಲು ನೋಡಿದರೆ ನಡುದಾರಿಯ ಅಂಕಿ ಸಿಗುತ್ತದೆ. ವಾರದ ಪೊಟ್ಟಣ ನಡೆಯುತ್ತಿದ್ದರೆ ಮುಂದಿನದನ್ನು ತೆಗೆದುಕೊಳ್ಳುವ ಮುನ್ನ ರಕ್ತ ಕೊಡಿ. ಮಟ್ಟ ನಿಂತ ಮೇಲೆ ವರ್ಷಕ್ಕೊಮ್ಮೆ ಸಾಕು. ತಿಂಗಳಿಗೊಮ್ಮೆ ಮಾಡಿಸುವ ಹೆಲ್ತ್ ಪ್ಯಾಕೇಜಿನಿಂದ ಲ್ಯಾಬಿಗೆ ಲಾಭ.

ಎಳೆಬಿಸಿಲಿನ ನಂಬಿಕೆ

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷವಿಡೀ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ಇಲ್ಲಿದೆ. ಆದರೂ ಕೊರತೆ ಮನೆಮನೆಯಲ್ಲಿದೆ. ಮೈ ಮುಚ್ಚುವ ಬಟ್ಟೆ, ಒಳಗಿನ ಕೆಲಸ, ಹೊಗೆಗಾಳಿ, ಕಪ್ಪು ಚರ್ಮ ಇವೆಲ್ಲ ಸೇರಿದ ಲೆಕ್ಕ ಅದು. ಅದರ ಮೇಲೆ ಒಂದು ಹಳೆಯ ನಂಬಿಕೆ: ಬೆಳಗಿನ ಎಳೆಬಿಸಿಲು ಶ್ರೇಷ್ಠ ಎಂದು. ಎಳೆಬಿಸಿಲು ಮನಸ್ಸಿಗೆ ಹಿತ, ನಿದ್ದೆಯ ಲಯಕ್ಕೂ ಒಳ್ಳೆಯದು, ಆದರೆ ಅದರಲ್ಲಿ ಚರ್ಮಕ್ಕೆ ಬೇಕಾದ ಆ ಯುವಿ-ಬಿ ಕಿರಣ ತೀರಾ ಕಡಿಮೆ. ಪರೀಕ್ಷೆ ಸುಲಭ: ಬಿಸಿಲಲ್ಲಿ ನಿಂತು ನೆರಳು ನೋಡಿ. ನೆರಳು ನಿಮಗಿಂತ ಉದ್ದವಿದ್ದರೆ ವಿಟಮಿನ್ ಲೆಕ್ಕಕ್ಕೆ ಆ ಬಿಸಿಲು ಹೆಚ್ಚೇನೂ ಕೊಡದು. ನಿಮಗಿಂತ ಗಿಡ್ಡವಾದಾಗ, ಅದರಲ್ಲೂ 11ರಿಂದ 2ರ ನಡುವೆ, ಚರ್ಮ ಕೆಲಸ ಮಾಡುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ಗಾಜಿನೊಳಗೆ ಬೆಚ್ಚಗೆ ಕೂತವರಿಗೆ ಸಿಗುವುದು ಶಾಖ ಮಾತ್ರ.

ಎಂಎಸ್ ಇದ್ದವರಿಗೆ ಇಲ್ಲೇ ಇಕ್ಕಟ್ಟು. ಮಯಲಿನ್ ಕಳಚಿದ ನರದಲ್ಲಿ ಸಂದೇಶ ಅಂಚಿನ ಮೇಲೆ ಓಡುತ್ತಿರುತ್ತದೆ; ಮೈ ಅರ್ಧ ಡಿಗ್ರಿ ಬಿಸಿಯಾದರೂ ಸಾಕು, ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. 1890ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಇದಕ್ಕೆ ಉಟ್‌ಹೋಫ್ ಎನ್ನುತ್ತಾರೆ. ಮೈ ತಣ್ಣಗಾದರೆ ಎಲ್ಲ ಮೊದಲಿನಂತಾಗುತ್ತದೆ, ಹೊಸ ಹಾನಿ ಆಗುವುದಿಲ್ಲ. ಆದರೆ ಟೆರೇಸಿನಿಂದ ಇಳಿಯುವ ಮೆಟ್ಟಿಲಲ್ಲಿ ಕಾಲು ಸೋತರೆ ಬೀಳುವುದು ನಿಜವೇ. ಬಿಸಿಲು ಬೇಕೇಬೇಕು ಎನ್ನುವವರು ತಲೆ ನೆರಳಲ್ಲಿಟ್ಟು ಮೊಣಕೈ, ಮೊಣಕಾಲಿನ ಕೆಳಭಾಗ ಮಾತ್ರ ಬಿಸಿಲಿಗೆ ಒಡ್ಡಿ, ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಒದ್ದೆ ಟವೆಲು ಹಾಕಿ, ಐದು ಹತ್ತು ನಿಮಿಷದಿಂದ ಶುರುಮಾಡಲಿ. ಡಿಸೆಂಬರ್, ಜನವರಿಯ ಬೆಂಗಳೂರು, ಮೈಸೂರು ಇದಕ್ಕೆ ಒಗ್ಗುತ್ತದೆ. ಏಪ್ರಿಲಿನ ಕಲಬುರಗಿ, ರಾಯಚೂರಿನಲ್ಲಿ ಯಾರೂ ಈ ಸಾಹಸಕ್ಕಿಳಿಯುವುದು ಬೇಡ. ಫಿಂಗೊಲಿಮೋಡ್ ಎಂಬ ಎಂಎಸ್ ಔಷಧಿ ಪಡೆಯುವವರಿಗೆ ಚರ್ಮದ ಕ್ಯಾನ್ಸರಿನ ಎಚ್ಚರಿಕೆ ಇರುವುದರಿಂದ ಬೇಕೆಂದೇ ಬಿಸಿಲು ಕಾಯುವುದೂ ಬೇಡ. ಮಾತ್ರೆಯಿಂದ ಬಂದ ವಿಟಮಿನ್ ಡಿಗೂ ಬಿಸಿಲಿನದಕ್ಕೂ ಮೂಳೆ ಭೇದ ಮಾಡುವುದಿಲ್ಲ.

ಹೊರದೇಶದಲ್ಲಿ ನೆಲೆಸಿದವರಿಗೆ ಈ ಚರ್ಚೆಯೇ ಇಲ್ಲ. ಬ್ರಿಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಆಕಾಶದಲ್ಲಿ ಸಾಕಷ್ಟು ಯುವಿ-ಬಿ ಇರುವುದೇ ಇಲ್ಲ. ಅಲ್ಲಿನ ಸರ್ಕಾರ ಚಳಿಗಾಲದಲ್ಲಿ ಎಲ್ಲರೂ, ಕಪ್ಪು ಚರ್ಮದವರು ವರ್ಷವಿಡೀ, ದಿನಕ್ಕೆ 400 ಐಯು ತೆಗೆದುಕೊಳ್ಳುವುದನ್ನು ಯೋಚಿಸಿ ಎನ್ನುತ್ತದೆ. ಊರಿಗೆ ಬಂದಾಗ ಇಲ್ಲಿಂದ ಪೊಟ್ಟಣ ಕಟ್ಟಿಸಿಕೊಂಡು ಹೋಗುವವರು, ಅದರ ಪ್ರಮಾಣವನ್ನು ಅಲ್ಲಿನ ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು.

ಮುದ್ದೆ, ಹಾಲು, ಮೂತ್ರಕೋಶ

ಊಟದಿಂದ ವಿಟಮಿನ್ ಡಿ ಸಿಗುವುದು ಕಡಿಮೆ: ಜಿಡ್ಡಿನ ಮೀನು, ಮೊಟ್ಟೆಯ ಹಳದಿ ಬಿಟ್ಟರೆ, ವಿಟಮಿನ್ ಬೆರೆಸಿದ್ದನ್ನು ತೋರಿಸುವ ‘+ಎಫ್’ ಗುರುತಿನ ಹಾಲು ಮತ್ತು ಎಣ್ಣೆ. ಆ ಹಾಲಿನಲ್ಲೂ ಲೀಟರಿಗೆ 200ರಿಂದ 300 ಐಯು ಅಷ್ಟೆ. ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ ನಮ್ಮ ಊಟ ಗಟ್ಟಿ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 360 ಮಿಲಿಗ್ರಾಂ, ಎರಡು ಲೋಟ ಹಾಲು ಮೊಸರಿನಲ್ಲಿ ಇನ್ನೊಂದು 480. ಬೇಕಾದ 1,000ಕ್ಕೆ ಹತ್ತಿರ. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಹಿಟ್ಟು ಮೊಳಕೆ ಕಟ್ಟಿದ್ದಾದರೆ ಹೆಚ್ಚು ಹತ್ತುತ್ತದೆ. ಹೀಗೆ ಉಣ್ಣುವವರು ಕ್ಯಾಲ್ಸಿಯಂ ಮಾತ್ರೆಯನ್ನು ಸುಮ್ಮನೆ ಸೇರಿಸಿಕೊಳ್ಳಬಾರದು. ಕಾರಣ ಮೂತ್ರಕೋಶದಲ್ಲಿದೆ. ಎಂಎಸ್‌ನಲ್ಲಿ ಮೂತ್ರದ ಅವಸರ ಸಾಮಾನ್ಯ. ಬಸ್ಸಿನಲ್ಲಿ, ಕಚೇರಿಯಲ್ಲಿ ಮಾನ ಹೋದೀತೆಂದು ನೀರು ಕುಡಿಯುವುದನ್ನೇ ಬಿಟ್ಟವರು ಬಹಳ, ಹೆಂಗಸರಂತೂ ಇನ್ನೂ. ನೀರು ಕಡಿಮೆ, ಓಡಾಟ ಕಡಿಮೆ, ಮೇಲೆ ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ವಿಟಮಿನ್ ಡಿ: ಕಿಡ್ನಿಯಲ್ಲಿ ಕಲ್ಲು ಕಟ್ಟಲು ಇದಕ್ಕಿಂತ ಹದ ಬೇಕಿಲ್ಲ. ಅಮೆರಿಕದ ಹೆಂಗಸರ ದೊಡ್ಡ ಪ್ರಯೋಗದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎರಡನ್ನೂ ಪಡೆದವರಲ್ಲಿ ಕಲ್ಲು ಶೇ. 17ರಷ್ಟು ಹೆಚ್ಚಾಗಿತ್ತು. ಮೂತ್ರದ ಅವಸರಕ್ಕೆ ಔಷಧಿ ಇದೆ, ಅದನ್ನು ನಾಚಿಕೆ ಬಿಟ್ಟು ವೈದ್ಯರ ಬಳಿ ಹೇಳುವುದೂ ವಿಟಮಿನ್ ಡಿ ನಿರ್ವಹಣೆಯ ಭಾಗವೇ.

ಹೆಚ್ಚಾದಾಗ

ಬ್ರೆಜಿಲ್‌ನಲ್ಲಿ ಹುಟ್ಟಿದ ಕೊಯಿಂಬ್ರಾ ಪದ್ಧತಿ ಎನ್ನುವುದೊಂದಿದೆ: ದಿನಕ್ಕೆ ಹತ್ತಾರು ಸಾವಿರ ಐಯು, ಕೆಲವರಿಗೆ ಅದಕ್ಕೂ ಹೆಚ್ಚು, ಹಾಲು ಮೊಸರು ಬಂದ್, ದಿನಕ್ಕೆ ಎರಡೂವರೆ ಲೀಟರ್ ನೀರು. ನಿಯಂತ್ರಿತ ಪ್ರಯೋಗದಲ್ಲಿ ಗೆದ್ದ ಪದ್ಧತಿ ಇದಲ್ಲ. ಇಂಥ ಭಾರಿ ಪ್ರಮಾಣ ತಿಂದು ಕ್ಯಾಲ್ಸಿಯಂ ಏರಿ, ಕಿಡ್ನಿ ಕೆಟ್ಟ ಎಂಎಸ್ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ನಮ್ಮ ಮುದ್ದೆ ಮೊಸರಿನ ಮನೆಗಳಲ್ಲಿ ಅದರ ಪಥ್ಯ ನಡೆಯುವುದೂ ಅನುಮಾನ, ಆಗ ಅಪಾಯ ಇನ್ನೂ ಹತ್ತಿರ.

ಕ್ಯಾಲ್ಸಿಯಂ ಏರಿದಾಗ ಮೈ ಏನು ಹೇಳುತ್ತದೆ ನೋಡಿ: ಸುಸ್ತು, ಕೈಕಾಲು ಸೋಲು, ಮಲಬದ್ಧತೆ, ಪದೇಪದೇ ಮೂತ್ರ, ಮಂಕು ಕವಿದ ಬುದ್ಧಿ. ಎಂಎಸ್ ಇದ್ದವರ ದಿನಚರಿಯ ಪಟ್ಟಿಯೇ ಇದು! ಮನೆಯವರು ಮರುಕಳಿಕೆ ಎಂದುಕೊಂಡು ವಿಟಮಿನ್ ಇನ್ನೂ ಹೆಚ್ಚಿಸಿದರೆ ಮುಗಿಯಿತು. ಬೇರೆ ಮಾಡಿ ತೋರಿಸುವುದು ತಡೆಯಲಾಗದ ಬಾಯಾರಿಕೆ, ವಾಕರಿಕೆ, ಹಸಿವಿಲ್ಲದಿರುವುದು. ಅದೂ ಪುಡಿಯೋ ಇಂಜೆಕ್ಷನ್ನೋ ನಡೆಯುತ್ತಿರುವ ತಿಂಗಳುಗಳಲ್ಲಿ ಬಂದರೆ, ಸ್ಟೀರಾಯ್ಡ್ ಡ್ರಿಪ್ ಹಾಕಿಸುವ ಮುನ್ನ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಮಾಡಿಸಲೇಬೇಕು. ಅಲ್ಬುಮಿನ್ 4ಕ್ಕಿಂತ ಕಡಿಮೆ ಇದ್ದರೆ, ಕಡಿಮೆಯಾದ ಪ್ರತಿ 1ಕ್ಕೆ ಕ್ಯಾಲ್ಸಿಯಂ ಅಂಕಿಗೆ 0.8 ಸೇರಿಸಿ ಓದಬೇಕು. ಹೀಗೆ ಓದಿದ ಕ್ಯಾಲ್ಸಿಯಂ 12 ದಾಟಿದರೆ ಅದೇ ದಿನ ವೈದ್ಯರ ಬಳಿ, 14 ದಾಟಿದರೆ ನೇರ ತುರ್ತು ವಿಭಾಗಕ್ಕೆ. ಬಿ.ಪಿ.ಗೆ ಥಯಜೈಡ್ ಗುಂಪಿನ ಮಾತ್ರೆ ನುಂಗುವವರಲ್ಲಿ ಕ್ಯಾಲ್ಸಿಯಂ ಬೇಗ ಏರುತ್ತದೆ; ಡಿಗಾಕ್ಸಿನ್ ನುಂಗುವವರಲ್ಲಿ ಏರಿದ ಕ್ಯಾಲ್ಸಿಯಂ ಹೃದಯದ ಬಡಿತ ಕೆಡಿಸುತ್ತದೆ.

ಇಂಥ ಸಂದರ್ಭದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ ಎರಡನ್ನೂ ಅಂದೇ ನಿಲ್ಲಿಸಬೇಕು. ಆಸ್ಪತ್ರೆಯಲ್ಲಿ ಸಲೈನ್ ಕೊಡುತ್ತಾರೆ, ಬೇಕಾದರೆ ಬೇರೆ ಔಷಧಿ. ಕೊಬ್ಬಿನಲ್ಲಿ ಕೂತ ವಿಟಮಿನ್ ಮೆಲ್ಲಗೆ ಹೊರಬರುವುದರಿಂದ ಎರಡು ವಾರದಲ್ಲಿ ಇಳಿದ ಕ್ಯಾಲ್ಸಿಯಂ ಮತ್ತೆ ಏರಬಹುದು. ಕೆಲವು ತಿಂಗಳು ರಕ್ತ ನೋಡುತ್ತಲೇ ಇರಬೇಕಾಗುತ್ತದೆ. ಹೊರಡುವಾಗ ಮನೆಯಲ್ಲಿರುವ ಎಲ್ಲ ಪಟ್ಟಿ, ಪೊಟ್ಟಣ, ಬಾಟಲಿ, ಕೂದಲಿನ ಮಾತ್ರೆ, ಪರದೇಶದಿಂದ ಯಾರೋ ತಂದುಕೊಟ್ಟ ಡಬ್ಬಿ ಸಮೇತ ಒಂದು ಚೀಲಕ್ಕೆ ತುಂಬಿಕೊಳ್ಳಿ. ಗೋಡೆಯ ಕ್ಯಾಲೆಂಡರಿನ ಆ ಹಾಳೆಗಳನ್ನೂ ಕಳಚಿ ಚೀಲಕ್ಕೆ ಹಾಕಿ.